ಹಾನಗಲ್ಲ ಸೀಮೆಯ ಹೋರಿ-ಬಯಲುಗಳು: ಒಂದು ಚಾರಿತ್ರಿಕ ವಿವೇಚನೆ

ಹಾನಗಲ್ಲ, ಶಿಗ್ಗಾವಿ, ಸವಣೂರು, ಹಿರೇಕೆರೂರು ತಾಲೂಕುಗಳ ಇತಿಹಾಸವನ್ನು ಬರೆಯಹೊರಟವನಿಗೆ ಸಾಮಗ್ರಿಯ ಬಡತನವಿಲ್ಲ. ಪಾನುಂಗಲ್ಲು-500ನ್ನು ಆಳಿದ ಕದಂಬರ ಶಾಸನಗಳಿವೆ. ತಾರಕೇಶ್ವರನ ಗುಡಿಯಿದೆ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನ ದಂಡು ಆನೆಕೆರೆಯ ಬದಿಗೆ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದ ಸಂಗತಿಯನ್ನು ಸಾರುವ ವೀರಗಲ್ಲಿದೆ. ಸವಣೂರ ನವಾಬರ ವಿಷಯದಲ್ಲಿಯಂತೂ ಮರಾಠಿ, ಪಾರಸಿ, ಇಂಗ್ಲಿಷ್ ಕಾಗದಪತ್ರಗಳು ಸಾಕಷ್ಟಿವೆ. ಆದರೆ ಈ ಸೀಮೆಯ ಹಳ್ಳಿಗಳಲ್ಲಿ ಹಿರಿಯರು ಕೈಮಾಡಿ ತೋರಿಸುವ ಒಂದು ಸ್ಥಳವು ಈ ಸಾಮಗ್ರಿಯಲ್ಲೆಲ್ಲ ಹುಡುಕಿದರೂ ಸಿಗುವದಿಲ್ಲ. 'ನಮ್ಮ ಕಾಲಕ್ಕೆ ಹೋರಿ ಬಿಡತಿದ್ದದ್ದು ಇಲ್ಲಿ' ಎಂದು ಅವರು ತೋರಿಸುವ ಕಡೆಗೆ ನೋಡಿದರೆ ನಮ್ಮ ಕಣ್ಣಿಗೆ ಬೀಳುವದು ಒಂದು ಶಾಲೆಯ ಆವಾರ, ಇಲ್ಲವೆ ಒಂದು ಗೋದಾಮು, ಇಲ್ಲವೆ ಮನೆಗಳ ಸಾಲು. ಬಯಲು ಅಲ್ಲಿಲ್ಲ. ಅದು ಇತ್ತೆಂಬುದಕ್ಕೆ ಹೇಳುವವನ ನೆನಪಿನ ಹೊರತು ಬೇರೆ ಸಾಕ್ಷಿಯೂ ಇಲ್ಲ.

ಹೀಗೆ ಇಲ್ಲವಾದ ಬಯಲಿಗೂ ಒಂದು ಚರಿತ್ರೆಯಿದೆಯೆ, ಇದ್ದರೆ ಅದನ್ನು ಎಲ್ಲಿಂದ ಬರೆಯಬೇಕು ಎಂಬುದೇ ಪ್ರಸ್ತುತ ಲೇಖನದ ವಿಷಯ.

ಮೊದಲು ಆಟದ ಸ್ವರೂಪವನ್ನು ಹೇಳಬೇಕು. ಮೈಸೂರು, ಮಂಗಳೂರು ಕಡೆಯ ವಾಚಕರಿಗೆ ಇದು ಅಪರಿಚಿತವಾಗಿರಬಹುದು. ದೀಪಾವಳಿಯ ಬಲಿಪಾಡ್ಯಮಿಯಂದು ಉತ್ತರ ಕರ್ನಾಟಕದ ಒಕ್ಕಲು ಮನೆಗಳಲ್ಲಿ ಹಟ್ಟಿಹಬ್ಬ. ಹೆಂಗಸರು ಸೆಗಣಿಯಲ್ಲಿ ಹಟ್ಟೆವ್ವನನ್ನೂ ಪಾಂಡವರನ್ನೂ ಮಾಡಿ, ಚೆಂಡುಹೂ ಉತ್ತರಾಣಿಗಳನ್ನು ಮುಡಿಸಿ ಪೂಜಿಸುತ್ತಾರೆ. ದನಗಳ ಮೈತೊಳೆದು ಸಿಂಗರಿಸುತ್ತಾರೆ. ಇಷ್ಟು ಎಲ್ಲ ಕಡೆಗೂ ಸಮಾನವಾದುದು. ಹಾನಗಲ್ಲ ಸೀಮೆಯಲ್ಲಿ, ಅಂತೆಯೇ ನೆರೆಯ ಶಿಕಾರಿಪುರ, ಸೊರಬ, ಮುಂಡಗೋಡ ಭಾಗಗಳಲ್ಲಿ, ಈ ಸಿಂಗಾರದ ಮುಂದೆ ಇನ್ನೊಂದು ಸಂಪ್ರದಾಯವಿದೆ. ಹೋರಿಯ ಕೊರಳಿಗೆ ಒಣಕೊಬ್ಬರಿಯ ಸರವನ್ನು ಕಟ್ಟುತ್ತಾರೆ. ಮೈಮೇಲೆ ಝೂಲ ಹೊದಿಸುತ್ತಾರೆ. ಕೊಂಬುಗಳಿಗೆ ಬಣ್ಣ, ರಿಬ್ಬನ್ನು, ಈಚೀಚೆಗೆ ಬಲೂನುಗಳು. ಬಳಿಕ ಒಂದೊಂದಾಗಿ ಅವುಗಳನ್ನು ಜನರ ನಡುವಿನ ಹಾದಿಯಲ್ಲಿ ಬೆದರಿಸಿ ಬಿಡುತ್ತಾರೆ. ಓಡುವ ಹೋರಿಯನ್ನು ತಡೆದು ಕೊಬ್ಬರಿ ಹರಿಯುವದು ಹುಡುಗರ ಪೌರುಷ. ಯಾರ ಕೈಗೂ ಸಿಗದೆ ಸರದೊಡನೆ ಹಾದಿಯ ಆಚೆಯ ತುದಿಯನ್ನು ಮುಟ್ಟುವದು ಹೋರಿಯ ಪೌರುಷ. ಹೋರಿ ಗೆದ್ದರೆ ಅದರ ಮನೆಯವರಿಗೆ ವರುಷವಿಡೀ ಹೆಮ್ಮೆ. 'ಹೋರಿ ಬೆದರಿಸುವದು', 'ಕೊಬ್ಬರಿ ಹೋರಿ', 'ಹೋರಿ ಹಬ್ಬ' ಎಂದು ಇದಕ್ಕೆ ಹೆಸರುಗಳು ಹಲವು. ಆಟ ನಡೆಯುವ ಸ್ಥಳಕ್ಕೆ 'ಅಖಾಡ'ವೆಂಬ ಹೆಸರು ಈಗ ಹೆಚ್ಚು ರೂಢಿಯಲ್ಲಿದೆ. ಇದು ಕುಸ್ತಿಯ ಕಣದಿಂದ ಬಂದ ಮಾತು. ನಾವು ಇಲ್ಲಿ 'ಬಯಲು' ಎಂಬ ಮಾತನ್ನೇ ಬಳಸುವೆವು.

ತಮಿಳುನಾಡಿನ ಜಲ್ಲಿಕಟ್ಟಿಗೂ ಇದಕ್ಕೂ ಇರುವ ಒಂದು ಅಂತರವನ್ನು ಇಲ್ಲಿಯೇ ಗಮನಿಸುವದು ಅವಶ್ಯ. ಅಲ್ಲಿ ಹೋರಿಯು 'ವಾಡಿವಾಸಲ್' ಎಂಬ ಇಕ್ಕಟ್ಟಾದ ಬಾಗಿಲಿನಿಂದ ಹೊರಬೀಳುತ್ತದೆ. ಅದರ ಹಿಳಿಲನ್ನಪ್ಪಿ ಕೆಲವು ಕ್ಷಣ ನಿಂತವನು ಗೆದ್ದನು. ಅಲ್ಲಿಯ ಆಟಕ್ಕೆ ಬಾಗಿಲು ಮುಖ್ಯ. ನಮ್ಮಲ್ಲಿ ಉದ್ದ ಮುಖ್ಯ. ಹೋರಿಯ ಓಟಕ್ಕೆ ದೂರ ಬೇಕು, ಓಟ ಮುಗಿದ ಮೇಲೆ ಅದು ದಣಿವಾರಿಸಿಕೊಂಡು ತಣ್ಣಗಾಗಲು ತೆರಪು ಬೇಕು, ಅದರ ಬೆನ್ನುಹತ್ತಿ ಬಂದ ಮನೆಯವರು ಮೂಗುದಾರ ಹಿಡಿಯಲು ಅವಕಾಶ ಬೇಕು. ಹೀಗೆ ಬಯಲೆಂಬುದು ಈ ಆಟಕ್ಕೆ ಬರಿಯ ರಂಗಸ್ಥಳವಲ್ಲ, ಆಟದ ಅರ್ಧ ಅಂಗವೇ ಆಗಿದೆ. ಈ ಮಾತಿಗೆ ಮುಂದೆ ಮರಳಿ ಬರುವೆವು.

ಈ ಆಟದ ಪ್ರಾಚೀನತೆಯ ಬಗ್ಗೆ ಮಾತೆತ್ತಿದೊಡನೆ ನಮ್ಮ ಭಾಗದ ಉತ್ಸಾಹಿಗಳು ವೀರಗಲ್ಲುಗಳತ್ತ ಬೆರಳು ಮಾಡುತ್ತಾರೆ. ಹಾನಗಲ್ಲ, ಹಿರೇಕೆರೂರು ತಾಲೂಕುಗಳಲ್ಲಿ ತುರುಗೊಳ್ ಕಾಳಗದ ವೀರಗಲ್ಲುಗಳು ಹೇರಳವಾಗಿರುವದು ನಿಜ. ಗೋದಾನದ ನೆನಪಿಗಾಗಿ ನಿಲ್ಲಿಸಿದ ರಾಷ್ಟ್ರಕೂಟರ ಕಾಲದ 'ಗೋಸಾಸ' ಕಲ್ಲುಗಳೂ ಹಳೆಯ ಧಾರವಾಡ ಜಿಲ್ಲೆಯಲ್ಲಿ ದೊರೆತಿವೆ. ದನವೇ ಧನವಾಗಿದ್ದ ನಾಡು ಇದೆಂಬುದು ಇವುಗಳಿಂದ ನಿರ್ವಿವಾದವಾಗಿ ಸಿದ್ಧವಾಗುತ್ತದೆ. ಆದರೆ ಅಷ್ಟೇ ಸಿದ್ಧವಾಗುತ್ತದೆ. ತುರುವನ್ನು ಕಳ್ಳರಿಂದ ಮರಳಿಸಿ ಮಡಿದವನ ಕಲ್ಲಿಗೂ, ಹಬ್ಬದ ದಿನ ನೆರೆಮನೆಯ ಹೋರಿಯ ಕೊಬ್ಬರಿಯನ್ನು ಹರಿಯುವ ಹುಡುಗನಿಗೂ ನಡುವೆ ಎಂಟುನೂರು ಸಾವಿರ ವರುಷಗಳ ಅಂತರವಿದೆ; ಆ ಅಂತರವನ್ನು ತುಂಬುವ ಒಂದೇ ಒಂದು ಬರೆಹವನ್ನು ಈ ವಾದವನ್ನು ಮಂಡಿಸುವವರು ಮುಂದಿಟ್ಟಿಲ್ಲ. ಸಾಮ್ಯವನ್ನು ಸಂಬಂಧವೆಂದು ಭ್ರಮಿಸುವದು ಇತಿಹಾಸದ ವಿದ್ಯಾರ್ಥಿಗೆ ಸಲ್ಲದು. ನಮ್ಮ ಆಟಕ್ಕೆ ಕಲ್ಲಿನ ಹಿರಿಮೆಯ ಅವಶ್ಯಕತೆಯೂ ಇಲ್ಲ. ಅದರ ಮೂಲವನ್ನು ಶಿಲೆಯಲ್ಲಿ ಅರಸುವದಕ್ಕಿಂತ ನೆಲದಲ್ಲಿ, ಎಂದರೆ ಒಕ್ಕಲುತನದ ವರ್ಷಚಕ್ರದಲ್ಲಿ ಅರಸುವದು ಹೆಚ್ಚು ಫಲಕಾರಿಯೆಂದು ನಮ್ಮ ಅಭಿಪ್ರಾಯ.

ಆ ವರ್ಷಚಕ್ರವನ್ನು ನೋಡೋಣ. ಮುಂಗಾರಿನ ಮೊದಲಿಗೆ ಕಾರಹುಣ್ಣಿಮೆ. ಅಂದು ಅಗಸಿಗೆ ಕಟ್ಟಿದ ಕರಿಯನ್ನು ಹರಿಯಲು ಎತ್ತುಗಳನ್ನು ಓಡಿಸುತ್ತಾರೆ. ಬಿಳಿಯ ಎತ್ತು ಮುಂದಾದರೆ ಜೋಳ ಹತ್ತಿಗಳಂಥ ಬಿಳಿಯ ಬೆಳೆಗೆ ಒಳ್ಳೆಯದೆಂದೂ, ಕೆಂದೆತ್ತು ಮುಂದಾದರೆ ಕೆಂಪು ಧಾನ್ಯಕ್ಕೆ ಒಳ್ಳೆಯದೆಂದೂ ಶಕುನ ಹೇಳುತ್ತಾರೆ. ಶ್ರಾವಣದಲ್ಲಿ ನಾಗರಪಂಚಮಿ, ಹೆಣ್ಣುಮಕ್ಕಳಿಗೆ ಜೋಕಾಲಿ, ಗಂಡಸರಿಗೆ ಗುಂಡು ಎತ್ತುವದು, ಕೊಬ್ಬರಿಬಟ್ಟಲ ಆಟ, ನಿಂಬೆಹಣ್ಣು ಎಸೆಯುವ ಪಂದ್ಯ. ಕಾರ್ತಿಕದ ಮೊದಲ ದಿನ ಹೋರಿ. ಸುಗ್ಗಿಯಾದ ಬಳಿಕ ಜಾತ್ರೆ, ಕುಸ್ತಿ, ದೊಡ್ಡಾಟ. ಇವೆಲ್ಲಕ್ಕೂ ಊರಿಗೆ ಒಂದು ತೆರಪಿನ ಸ್ಥಳ ಬೇಕಾಗಿತ್ತು. ಅದೇ ಸ್ಥಳದಲ್ಲಿ ಉಳಿದ ದಿನಗಳಲ್ಲಿ ಮುಂಜಾನೆ ದನ ನೆರೆಯುತ್ತಿದ್ದವು. ಹುಡುಗರು ಚಿಣಿಪಣಿ, ಲಗೋರಿ ಆಡುತ್ತಿದ್ದರು. ಅಲೆಮಾರಿ ಜನರು ಬಂದು ಬಿಡಾರ ಹೂಡುತ್ತಿದ್ದರು. ಒಂದೇ ಆಟಕ್ಕೆ ಮೀಸಲಾದ ಅಂಗಣ ಅದಾಗಿರಲಿಲ್ಲ. ಮುಂದೆ ಅದಕ್ಕೊದಗಿದ ದುರ್ಗತಿಗೆ ಇದೂ ಒಂದು ಕಾರಣ. ಎಲ್ಲರಿಗೂ ಎಲ್ಲದಕ್ಕೂ ಬೇಕಾದ ನೆಲಕ್ಕೆ ದಾಖಲೆಯಲ್ಲಿ ಯಾವ ಹೆಸರನ್ನು ಕೊಡಬೇಕು?

ಇಲ್ಲಿ ಬೆಳೆಯ ವಿಚಾರವನ್ನೂ ಗಮನಿಸಬೇಕು. ಹಾನಗಲ್ಲ ತಾಲೂಕು, ಹಿರೇಕೆರೂರ ಪಡುವಣ ಭಾಗಗಳು ಮಲೆನಾಡಿನ ಅಂಚು. ಅಲ್ಲಿ ಕೂರಿಗೆಯಿಂದ ಬಿತ್ತಿದ ಭತ್ತವು ದೀಪಾವಳಿಯ ಹೊತ್ತಿಗೆ ಇನ್ನೂ ಗದ್ದೆಯಲ್ಲಿ ನಿಂತಿರುತ್ತದೆ. ಪೂರ್ವದಲ್ಲಿ, ಸವಣೂರಿನ ಎರೆಯ ಹೊಲಗಳಲ್ಲಿ, ಹಿಂಗಾರಿನ ಜೋಳ ಹತ್ತಿಗಳು ಆಗತಾನೆ ಕಣ್ಣು ಬಿಟ್ಟಿರುತ್ತವೆ. ಎಂದರೆ ಹೋರಿ ಬಿಡುವ ದಿನ ಯಾರ ಹೊಲವೂ ಬರಿದಾಗಿರುವದಿಲ್ಲ. ಸ್ವಂತದ ಹೊಲದಲ್ಲಿ ಆಟ ಸಾಧ್ಯವಿಲ್ಲದ ದಿನವೇ ಆಟದ ಮುಖ್ಯ ದಿನವಾಗಿರುವದರಿಂದ, ಸಾರ್ವಜನಿಕವಾದ ಬಯಲು ಈ ಹಬ್ಬಕ್ಕೆ ಅನಿವಾರ್ಯವಾಯಿತು. ಕೆಲವೂರಲ್ಲಿ ಅಗಸಿಯಿಂದ ಹೊರಡುವ ಅಗಲವಾದ ಹಾದಿ, ಕೆಲವೂರಲ್ಲಿ ಗಾಯರಾಣ, ಕೆಲವೂರಲ್ಲಿ ಕೆರೆಯ ಅಂಗಳದ ಒಣಭಾಗ, ಕೆಲವೂರಲ್ಲಿ ಸಂತೆಯ ಬಯಲು ಹೀಗೆ ಒದಗಿಬಂದವು. ಪಾಡ್ಯಮಿ ಕಳೆದು ಸುಗ್ಗಿಯಾದ ಮೇಲೆ ಊರಿಂದೂರಿಗೆ ಸಾಗುವ ಪಂದ್ಯಗಳಾದರೋ ಕೊಯ್ದ ಗದ್ದೆಗಳಲ್ಲಿಯೂ ನಡೆಯಬಲ್ಲವು.

ಇನ್ನು ನೆಲದ ಕಾಗದಕ್ಕೆ ಬರೋಣ. 1840ರ ದಶಕದಲ್ಲಿ ಧಾರವಾಡ ಜಿಲ್ಲೆಯಲ್ಲಿ ಮುಂಬಯಿ ಸರಕಾರದ ಹೊಸ ಮೋಜಣಿ ನಡೆಯಿತು. ವಿಂಗೇಟ್, ಗೋಲ್ಡ್‌ಸ್ಮಿಡ್ ಮೊದಲಾದವರು ರೂಪಿಸಿದ ಈ ಪದ್ಧತಿಯ ಮುಖ್ಯ ಲಕ್ಷಣವೆಂದರೆ, ಪ್ರತಿಯೊಂದು ಹೊಲವನ್ನು ಅಳೆದು, ಬಾಂದುಕಲ್ಲು ನೆಟ್ಟು, ಒಂದು ನಂಬರು ಕೊಟ್ಟು, ಮಣ್ಣಿನ ಸತ್ವಕ್ಕನುಸಾರವಾಗಿ ಆಕಾರವನ್ನು ಕಟ್ಟುವದು. ಅಳೆಯುವವನ ದೃಷ್ಟಿಯಲ್ಲಿ ನೆಲವು ಎರಡೇ ಬಗೆ: ಕಂದಾಯ ಕೊಡಬಲ್ಲದ್ದು ಮತ್ತು ಕೊಡಲಾರದ್ದು. ಹೋರಿ ಓಡುವ ನೆಲವು ಸಹಜವಾಗಿಯೇ ಎರಡನೆಯದಕ್ಕೆ ಸೇರಿತು. 1879ರ ಮುಂಬಯಿ ಭೂಕಂದಾಯ ಸಂಹಿತೆಯ 37ನೆಯ ಕಲಮು ಖಾಸಗಿಯವರದಲ್ಲದ ನೆಲವೆಲ್ಲ ಸರಕಾರದ್ದೆಂದು ಸಾರಿತು. 38ನೆಯ ಕಲಮು ಊರ ದನಗಳ ಉಚಿತ ಮೇವಿಗಾಗಿ ಅಥವಾ ಬೇರೆ ಸಾರ್ವಜನಿಕ ಉದ್ದೇಶಕ್ಕಾಗಿ ಅಂಥ ನೆಲವನ್ನು ತೆಗೆದಿಡುವ ಅಧಿಕಾರವನ್ನು ಕಲೆಕ್ಟರನಿಗೂ ಮೋಜಣಿಯ ಅಧಿಕಾರಿಗೂ ಕೊಟ್ಟಿತು. ಇಲ್ಲಿಂದ ಮುಂದೆ ಊರ ಬಯಲು ಗಾಯರಾಣವೆಂಬ ಹೆಸರಿನಿಂದ ಸರಕಾರದ ಅನುಗ್ರಹವಾಯಿತು. ದನ ಮೇಯುವದಕ್ಕೆ ಕಾನೂನಿನ ಆಸರೆ ದೊರೆಯಿತು, ದನ ಓಡುವದಕ್ಕೆ ದೊರೆಯಲಿಲ್ಲ. ಅದೇ ನೆಲ, ಅದೇ ದನ. ಆದರೂ ಹಬ್ಬದ ಹಕ್ಕು ಬರೆಹಕ್ಕೆ ಇಳಿಯಲಿಲ್ಲ. ಇದರಲ್ಲಿ ಅಧಿಕಾರಿಗಳ ದುರುದ್ದೇಶವನ್ನು ಹುಡುಕುವ ಕಾರಣವಿಲ್ಲ. ಊರವರು ಕೇಳಲಿಲ್ಲ, ಏಕೆಂದರೆ ಕೇಳಬೇಕಾದೀತೆಂದು ಅವರಿಗೆ ಅನ್ನಿಸಿರಲಿಕ್ಕಿಲ್ಲ.

ಇಲ್ಲಿ ವಿದ್ಯಾರ್ಥಿಗಳಿಗೊಂದು ಎಚ್ಚರಿಕೆಯ ಮಾತು. ಹಳೆಯ ಕಾಗದಗಳಲ್ಲಿ ಹಿರೇಕೆರೂರು ತಾಲೂಕಿನ ಹೆಸರನ್ನು ಹುಡುಕಿದರೆ ಸಿಗದು. ಅದು ಆಗ 'ಕೋಡ' ತಾಲೂಕು, ಕಚೇರಿ ಮಾತ್ರ ಹಿರೇಕೆರೂರಿನಲ್ಲಿ. ಶಿಗ್ಗಾವಿಯಲ್ಲಿ ಕಚೇರಿಯಿದ್ದ ತಾಲೂಕಿಗೆ 'ಬಂಕಾಪುರ'ವೆಂದೂ, ಹಾವೇರಿಯಲ್ಲಿ ಕಚೇರಿಯಿದ್ದ ತಾಲೂಕಿಗೆ 'ಕರಜಗಿ'ಯೆಂದೂ ಹೆಸರಿದ್ದವು. 'ಕೋಡ'ವನ್ನು ಕೊಡಗೆಂದು ಓದಿ ಒಂದು ಸಂಜೆಯೆಲ್ಲ ತಪ್ಪು ಕಟ್ಟುಗಳನ್ನು ತಿರುವಿಹಾಕಿದ ಅನುಭವ ನಮಗೇ ಉಂಟು. ಸವಣೂರಾದರೋ 1948ರ ಮಾರ್ಚ್‌ವರೆಗೆ ನವಾಬರ ಪ್ರತ್ಯೇಕ ಸಂಸ್ಥಾನ. ಅಲ್ಲಿಯ ಹಳ್ಳಿಗಳ ಕಾಗದವನ್ನು ಧಾರವಾಡ ಜಿಲ್ಲೆಯ ತಾಲೂಕು ಕಟ್ಟುಗಳಲ್ಲಿ ಅರಸಿ ಪ್ರಯೋಜನವಿಲ್ಲ. ಆಡಳಿತ ಹೀಗೆ ಎರಡಾಗಿದ್ದರೂ ಹೋರಿಗೆ ಗಡಿ ಇರಲಿಲ್ಲ. ಸಂಸ್ಥಾನದೊಳಗಿನ ಹಳ್ಳಿಗೂ ಅದರ ಹೊರಗಣ ಹಳ್ಳಿಗೂ ಹಬ್ಬ ಒಂದೇ ಆಗಿತ್ತು.

ಬಯಲಿನ ಮೇಲೆ ಮೊದಲ ಒತ್ತಡ ತಂದುದು ಹತ್ತಿ. ಅಮೇರಿಕೆಯ ಅಂತರ್ಯುದ್ಧದ ಕಾಲದಲ್ಲಿ, ಎಂದರೆ 1861ರಿಂದ 1865ರವರೆಗೆ, ಧಾರವಾಡದ ಹತ್ತಿಗೆ ಹಿಂದೆಂದೂ ಇಲ್ಲದ ಬೆಲೆ ಬಂದಿತು. ನೇಗಿಲಿಗೆ ಸಿಕ್ಕ ನೆಲ ಹೆಚ್ಚುತ್ತ, ಬೀಳುನೆಲ ಕಡಿಮೆಯಾಗುತ್ತ ಹೋಯಿತು. ಅದರ ಬೆನ್ನಿಗೆ 1876-78ರ ಭೀಕರ ಬರ. ಜನರಂತೆಯೇ ದನಗಳೂ ಅಸಂಖ್ಯವಾಗಿ ಸತ್ತವು. ಆದರೂ ಬಯಲುಗಳು ಅಳಿಯಲಿಲ್ಲವೆಂಬುದನ್ನು ಲಕ್ಷಿಸಬೇಕು. ಎತ್ತಿಲ್ಲದೆ ಬಿತ್ತನೆಯಿಲ್ಲ, ಮೇವಿಲ್ಲದೆ ಎತ್ತಿಲ್ಲ. ಈ ಸರಪಳಿ ಇದ್ದಷ್ಟು ಕಾಲ ಗಾಯರಾಣವನ್ನು ಸಂಪೂರ್ಣವಾಗಿ ಕಳೆದುಕೊಳ್ಳಲು ಯಾವ ಊರೂ ಒಪ್ಪುತ್ತಿರಲಿಲ್ಲ.

ನಿಜವಾದ ಬದಲಾವಣೆ ಬಂದುದು ಸ್ವಾತಂತ್ರ್ಯಾನಂತರ. 1952ರಿಂದ ಸಮುದಾಯ ವಿಕಾಸ ಯೋಜನೆಗಳು, 1956ರಲ್ಲಿ ರಾಜ್ಯದ ಏಕೀಕರಣ, ಆ ಮೇಲಣ ಪಂಚವಾರ್ಷಿಕ ಯೋಜನೆಗಳು. ಹಳ್ಳಿಗೆ ಶಾಲೆ ಬೇಕು, ದವಾಖಾನೆ ಬೇಕು, ಸಹಕಾರಿ ಸಂಘಕ್ಕೆ ಗೋದಾಮು ಬೇಕು, ನೀರಿನ ಟಾಕಿ ಬೇಕು. ಇವಕ್ಕೆಲ್ಲ ಹಣ ಕೊಡದೆ ಸಿಗುವ ನೆಲವೆಂದರೆ ಗಾಯರಾಣವೊಂದೇ. 1964ರ ಭೂಕಂದಾಯ ಅಧಿನಿಯಮವು ಹಳೆಯ ಸಂಹಿತೆಯ ಸ್ಥಾನಕ್ಕೆ ಬಂದಿತು. ಅದರ ಕೆಳಗೆ ರಚಿತವಾದ ನಿಯಮಗಳು 100 ದನಗಳಿಗೆ 12 ಹೆಕ್ಟೇರಿನಂತೆ, ಎಂದರೆ ಸುಮಾರು 30 ಎಕರೆಯಂತೆ, ಮೇವಿನ ನೆಲವನ್ನು ಉಳಿಸಬೇಕೆಂದು ವಿಧಿಸಿದವು. ಲೆಕ್ಕ ಚೆನ್ನಾಗಿದೆ. ಆದರೆ ದನಗಳ ಸಂಖ್ಯೆ ಕುಗ್ಗಿದಂತೆ ಇದೇ ಲೆಕ್ಕದ ಪ್ರಕಾರ ಹೆಚ್ಚುವರಿ ನೆಲವು ಬೇರೆ ಉದ್ದೇಶಕ್ಕೆ ಬಿಡುಗಡೆಯಾಗುವದೆಂಬುದೂ ಅಷ್ಟೇ ಸ್ಪಷ್ಟ. ಟ್ರ್ಯಾಕ್ಟರು ಬಂದು ಎತ್ತನ್ನು ಹೊಲದಿಂದ ಹೊರದೂಡಿತು. ಗೋವಿನಜೋಳವು ಭತ್ತ, ಬಿಳಿಜೋಳಗಳ ನೆಲವನ್ನು ಬಹುಮಟ್ಟಿಗೆ ಆಕ್ರಮಿಸಿತು. 1991ರ ಸುಮಾರಿಗೆ ಅನಧಿಕೃತ ಸಾಗುವಳಿಯನ್ನು ಸಕ್ರಮಗೊಳಿಸುವ ತಿದ್ದುಪಡಿಯೂ, ವಸತಿಹೀನರಿಗೆ ಮನೆ ಕಟ್ಟಿಸುವ ಆಶ್ರಯ ಯೋಜನೆಯೂ ಬಂದವು.

ಈ ಘಟ್ಟದಲ್ಲಿ ನಾವು ಸ್ವಲ್ಪ ನಿಂತು ಯೋಚಿಸಬೇಕು. ಹೋದ ಬಯಲಿಗಾಗಿ ಹಲುಬುವದು ಸುಲಭ. ಆದರೆ ಆ ಬಯಲಿನ ಮೇಲೆ ಇಂದು ನಿಂತಿರುವ ಮನೆಯಲ್ಲಿ ವಾಸಿಸುವವರು ಯಾರು? ಹೆಚ್ಚಾಗಿ ಊರೊಳಗೆ ಅಂಗೈಯಗಲ ನೆಲವಿಲ್ಲದೆ ಇದ್ದವರು. ತಲೆತಲಾಂತರದಿಂದ ಪರರ ಹೊಲದಲ್ಲಿ ದುಡಿದವರು. ಹಬ್ಬದ ದಿನ ಹಲಗೆ ಬಾರಿಸಿ ಹೋರಿಗೆ ಹುರುಪೇರಿಸಿದವರಿಗೆ ಸ್ವಂತದ ಹೋರಿ ಕಟ್ಟುವ ಅನುಕೂಲವೆಷ್ಟಿತ್ತು? ಊರ ಬಯಲು 'ಎಲ್ಲರದು' ಎಂಬ ಮಾತು ಪೂರ್ತಿ ಸುಳ್ಳಲ್ಲ. ಕೊಬ್ಬರಿ ಹರಿಯುವಾಗ ಜಾತಿಮತಗಳ ಗೆರೆ ಕೆಲಮಟ್ಟಿಗೆ ಅಳಿಸಿಹೋಗುತ್ತಿತ್ತೆಂದು ಹಿರಿಯರು ಹೇಳುವದನ್ನು ಅಲ್ಲಗಳೆಯಲಾಗದು. ಆದರೆ ವರುಷಕ್ಕೊಂದು ದಿನದ ಸಮಾನತೆಯನ್ನು ಕಾಯಲೆಂದು ವರುಷವಿಡೀ ಸೂರಿಲ್ಲದವನಿಗೆ ಸೂರು ಬೇಡವೆನ್ನುವ ಇತಿಹಾಸಕಾರನೊಡನೆ ನಾವು ಸಹಮತರಲ್ಲ. ಶಾಲೆಯ ವಿಷಯವೂ ಹಾಗೆಯೇ. ಈ ಸೀಮೆಯ ಕಾಲೇಜುಗಳಲ್ಲಿ ಕಲಿಸುವ ಅನೇಕರು, ನಾವೂ ಸೇರಿ, ಅಕ್ಷರ ಕಲಿತದ್ದು ಅಂಥ ನೆಲದ ಮೇಲೆ ಕಟ್ಟಿದ ಶಾಲೆಯಲ್ಲಿಯೇ.

ನಮ್ಮ ಆಕ್ಷೇಪ ಬೇರೆ. ಬಯಲಿನ ಬದಲಿಗೆ ಬಯಲನ್ನು ಕೊಡುವ ವಿಚಾರ ಇಲ್ಲಿಯ ಯೋಜನೆಗಳಲ್ಲಿ ಕಾಣುವದಿಲ್ಲ. ಹೋದುದನ್ನು ಬರೆದಿಟ್ಟುದೂ ಕಾಣುವದಿಲ್ಲ. ಇಂಗ್ಲಂಡದಲ್ಲಿ ಊರ ಸಾಮಾನ್ಯ ನೆಲಗಳನ್ನು ಬೇಲಿಹಾಕಿ ಖಾಸಗಿಯಾಗಿ ಹಂಚಿದ ಕಥೆ ನಮ್ಮ ವಿದ್ಯಾರ್ಥಿಗಳಿಗೆ ಪಠ್ಯದಿಂದ ಗೊತ್ತು. ಅಂಥ ನಿಷ್ಠುರವಾದ ವ್ಯವಸ್ಥೆಯಲ್ಲಿಯೂ 1845ರ ಕಾಯಿದೆಯು ಊರವರ ವ್ಯಾಯಾಮ ವಿನೋದಗಳಿಗೆಂದು ಒಂದಿಷ್ಟು ನೆಲವನ್ನು ತೆಗೆದಿಡಲು ಅವಕಾಶ ಕಲ್ಪಿಸಿತ್ತು. ಅಮೇರಿಕೆಯ ಇನ್ನೊಂದು ದೃಷ್ಟಾಂತವಿದೆ. ನ್ಯೂಯಾರ್ಕಿನ ಎದುರಿಗೆ, ಹಡ್ಸನ್ ನದಿಯ ಆಚೆಯ ಹೊಬೋಕೆನ್ ಪಟ್ಟಣದಲ್ಲಿ 'ಎಲಿಸಿಯನ್ ಫೀಲ್ಡ್ಸ್' ಎಂಬ ಬಯಲಿತ್ತು. 1846ರ ಜೂನ್ 19ರಂದು ನಿಕರ್‌ಬಾಕರ್ ಸಂಘದವರು ಅಲ್ಲಿ ಬೇಸ್‌ಬಾಲ್ ಪಂದ್ಯವನ್ನಾಡಿ 23-1ರಿಂದ ಸೋತರು. ಆ ಬಯಲೂ ಉಳಿಯಲಿಲ್ಲ. ಅದರ ಮೇಲೆ ಮನೆಗಳೆದ್ದವು, ಕಾಫಿಯ ಕಾರ್ಖಾನೆಯೆದ್ದಿತು, 1992ರಲ್ಲಿ ಆ ಕಾರ್ಖಾನೆಯೂ ಮುಚ್ಚಿತು. ಆದರೆ ಸೋತ ಸಂಘದವರೇ ತಮ್ಮ ಸೋಲಿನ ಅಂಕಗಳನ್ನು ಒಂದು ಪುಸ್ತಕದಲ್ಲಿ ಬರೆದಿಟ್ಟಿದ್ದರಿಂದ, ಬಯಲು ಹೋದರೂ ಅದರ ಚರಿತ್ರೆ ಹೋಗಲಿಲ್ಲ. ನಮ್ಮಲ್ಲಿ ಯಾವ ಹೋರಿ ಯಾವ ವರುಷ ಯಾರ ಕೈಗೆ ಸಿಗದೆ ಪಾರಾಯಿತೆಂಬುದನ್ನು ಬಾಯಿಂದ ಹೇಳುವವರು ಊರಿಗೆ ನಾಲ್ವರಿದ್ದಾರೆ. ಬರೆದಿಟ್ಟವರು ನಮಗಿನ್ನೂ ಭೆಟ್ಟಿಯಾಗಿಲ್ಲ.

ಬಯಲು ಹೋಯಿತು, ಆಟ ಹೋಗಲಿಲ್ಲ. ಇದೇ ಈ ಚರಿತ್ರೆಯ ವಿಚಿತ್ರ ಭಾಗ. ಎತ್ತು ಹೊಲದಿಂದ ಹೊರಬಿದ್ದ ಮೇಲೆ ಹೋರಿ ಹಬ್ಬವು ಕಡಿಮೆಯಾಗುವ ಬದಲು ಬೆಳೆಯಿತು. ಉಳುವ ಎತ್ತನ್ನೇ ಹಬ್ಬಕ್ಕೆ ಸಿಂಗರಿಸುತ್ತಿದ್ದ ಕಾಲ ಹೋಗಿ, ಹಬ್ಬಕ್ಕಾಗಿಯೇ ಹೋರಿಯನ್ನು ಸಾಕುವ ಕಾಲ ಬಂದಿತು. ಲಕ್ಷಗಟ್ಟಲೆ ರೂಪಾಯಿ ಕೊಟ್ಟು ತಮಿಳುನಾಡಿನಿಂದ ಹೋರಿ ತರುವವರಿದ್ದಾರೆ. ಹರಿದ ಕೊಬ್ಬರಿಯೇ ಬಹುಮಾನವಾಗಿದ್ದ ಆಟಕ್ಕೆ ಬಂಗಾರ, ಮೋಟರ್ ಸೈಕಲ್ಲು ಮೊದಲಾದ ಬಹುಮಾನಗಳು ಬಂದವು. ಪ್ರತಿ ಹೋರಿಗೆ ಪ್ರವೇಶಶುಲ್ಕವೂ ಬಂದಿತು. ನೋಡುವವರು ಸಾವಿರಾರು ಸಂಖ್ಯೆಯಲ್ಲಿ ನೆರೆಯುತ್ತಾರೆ. ಹೀಗೆ ಆಟ ಹಿಗ್ಗುತ್ತಿರುವಾಗಲೇ ನೆಲ ಕುಗ್ಗಿದೆ. ಎಷ್ಟೋ ಊರುಗಳಲ್ಲಿ ಈಗ ಪಾಡ್ಯಮಿಯ ಓಟ ನಡೆಯುವದು ಎರಡೂ ಕಡೆ ಮನೆಗಳಿರುವ ಬೀದಿಯಲ್ಲಿ. ಬೆದರಿದ ಹೋರಿಗೆ ಪಕ್ಕಕ್ಕೆ ಸರಿಯಲು ಎಡೆಯಿಲ್ಲ, ಅದರ ಎದುರಿಗೆ ಸಿಕ್ಕಿದವನಿಗೂ ಇಲ್ಲ. ಕೊಬ್ಬರಿ ಹರಿಯಹೋದ ಹುಡುಗರಷ್ಟೇ ಅಲ್ಲ, ಕಟ್ಟೆಯ ಮೇಲೆ ಕುಳಿತ, ಹಾದಿಯಲ್ಲಿ ಸುಮ್ಮನೆ ಹೊರಟ ವೃದ್ಧರೂ ಹೋರಿಯ ತಿವಿತಕ್ಕೆ ಬಲಿಯಾದ ಸುದ್ದಿ ದೀಪಾವಳಿಯ ಮಾರನೆಯ ದಿನಗಳ ಪತ್ರಿಕೆಗಳಲ್ಲಿ ಬಂದುದುಂಟು. ಉದ್ದವೂ ತೆರಪೂ ಆಟದ ಅರ್ಧ ಅಂಗವೆಂದು ಮೊದಲು ಹೇಳಿದುದು ಈ ಅರ್ಥದಲ್ಲಿಯೇ. ಬಯಲು ಆಟಕ್ಕೆ ಸ್ಥಳವನ್ನು ಮಾತ್ರ ಕೊಟ್ಟಿರಲಿಲ್ಲ, ಕಟ್ಟುಪಾಡನ್ನೂ ಕೊಟ್ಟಿತ್ತು.

ಕಾನೂನಿನ ಚರ್ಚೆ ಈ ಮಗ್ಗುಲನ್ನು ಹೆಚ್ಚು ಮುಟ್ಟಿಲ್ಲ. 2014ರ ಮೇ 7ರಂದು ಸರ್ವೋಚ್ಚ ನ್ಯಾಯಾಲಯವು ಜಲ್ಲಿಕಟ್ಟನ್ನೂ ಎತ್ತಿನ ಗಾಡಿಯ ಓಟವನ್ನೂ ನಿಷೇಧಿಸಿತು. 2017ರಲ್ಲಿ ಕರ್ನಾಟಕದ ವಿಧಾನಮಂಡಲವು ಕಂಬಳ ಮತ್ತು ಎತ್ತಿನ ಓಟಗಳಿಗೆ ಅವಕಾಶ ಕೊಡುವ ತಿದ್ದುಪಡಿಯನ್ನು ಮಾಡಿತು. 2023ರ ಮೇ 18ರಂದು ಐವರು ನ್ಯಾಯಾಧೀಶರ ಸಂವಿಧಾನ ಪೀಠವು ತಮಿಳುನಾಡು, ಮಹಾರಾಷ್ಟ್ರ, ಕರ್ನಾಟಕ ಈ ಮೂರೂ ರಾಜ್ಯಗಳ ತಿದ್ದುಪಡಿಗಳನ್ನು ಎತ್ತಿಹಿಡಿಯಿತು. ಇಲ್ಲೆಲ್ಲ ವಾದ ನಡೆದುದು ಪಶುವಿನ ನೋವು ಮತ್ತು ಸಂಸ್ಕೃತಿಯ ಹಕ್ಕು ಇವುಗಳ ನಡುವೆ. ನೆಲದ ಪ್ರಶ್ನೆ ಬೇರೆಯೇ ಮೊಕದ್ದಮೆಗಳಲ್ಲಿ ಬಂದಿದೆ: 2011ರ ಜನವರಿಯಲ್ಲಿ ಪಂಜಾಬದ ಒಂದು ಹಳ್ಳಿಯ ಕೆರೆಯ ನೆಲದ ವ್ಯಾಜ್ಯದಲ್ಲಿ ಅದೇ ನ್ಯಾಯಾಲಯವು, ಗ್ರಾಮಗಳ ಸಾಮುದಾಯಿಕ ನೆಲಗಳ ಒತ್ತುವರಿಯನ್ನು ತೆರವುಗೊಳಿಸಲು ಎಲ್ಲ ರಾಜ್ಯಗಳಿಗೂ ಅಪ್ಪಣೆ ಮಾಡಿತು. ಆಟ ಒಂದು ಕಟ್ಟಿನಲ್ಲಿ, ಅದರ ನೆಲ ಇನ್ನೊಂದು ಕಟ್ಟಿನಲ್ಲಿ. ಎರಡನ್ನೂ ಒಟ್ಟಿಗೆ ಬಿಚ್ಚಿ ಓದುವದು ನಮ್ಮಂಥವರ ಕೆಲಸ.

ಆ ಕೆಲಸವನ್ನು ಎಲ್ಲಿಂದ ಆರಂಭಿಸಬೇಕೆಂದು ಕೇಳುವ ವಿದ್ಯಾರ್ಥಿಗಳಿಗೆ ನಮ್ಮ ಸೂಚನೆ ಇಷ್ಟು. ಮೊದಲು ನಿಮ್ಮ ಊರಿನ ಹಿರಿಯರನ್ನು ಕರೆದುಕೊಂಡು ಹೋಗಿ ಹೋರಿ ಬಿಡುತ್ತಿದ್ದ ಸ್ಥಳ, ಓಟದ ಕೊನೆಯ ಸ್ಥಳ ಇವೆರಡನ್ನೂ ಗುರುತಿಸಿರಿ. ಒಬ್ಬರ ಮಾತನ್ನೇ ನೆಚ್ಚದೆ, ಬೇರೆ ಬೇರೆ ಓಣಿಯ ಮೂವರು ನಾಲ್ವರನ್ನು ಪ್ರತ್ಯೇಕವಾಗಿ ಕೇಳಿರಿ. ಹೆಂಗಸರನ್ನು ಮರೆಯಬೇಡಿರಿ. ಮಾಳಿಗೆಯ ಮೇಲೆ ನಿಂತು ನೋಡಿದವರಿಗೆ ಬಯಲಿನ ಆಕಾರ ಹೆಚ್ಚು ಚೆನ್ನಾಗಿ ನೆನಪಿರುವದು ನಮ್ಮ ಅನುಭವ. ಬಳಿಕ ಊರಿನ ನಕಾಶೆಯನ್ನೂ ಆಕಾರಬಂದವನ್ನೂ ತಂದು ಆ ಸ್ಥಳದ ಸರ್ವೇ ನಂಬರನ್ನು ಹುಡುಕಿರಿ. ಅದು ಗಾಯರಾಣವೆಂದು ದಾಖಲಾಗಿದ್ದರೆ, ಯಾವ ವರುಷ ಎಷ್ಟು ಗುಂಟೆ ಯಾವ ಉದ್ದೇಶಕ್ಕೆ ಹೋಯಿತೆಂಬುದನ್ನು ಫೇರಫಾರದ ವಹಿ ಹೇಳುತ್ತದೆ. ಖಾಸಗಿ ಹೊಲದ ಅಂಚಿನಲ್ಲಿದ್ದರೆ ಪಹಣಿಯ ಖರಾಬಿನ ಅಂಕಣವನ್ನು ನೋಡಿರಿ. ಅಲ್ಲಿ 'ಅ' ಮತ್ತು 'ಬ' ಎಂದು ಎರಡು ಬಗೆಯಿರುತ್ತದೆ. 'ಅ' ಎಂದರೆ ಉಳಲು ಬಾರದ ನೆಲ, ಅದು ಹೊಲದವನಿಗೇ ಸೇರಿದ್ದು. 'ಬ' ಎಂದರೆ ಹಾದಿ, ಹಳ್ಳ ಮುಂತಾದ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟುದು. ಎರಡು ಹೊಲಗಳ ನಡುವೆ ಬಂಡಿಯ ದಾರಿಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಅಗಲವಾದ 'ಬ' ಖರಾಬು ಎಲ್ಲಿಯಾದರೂ ಕಂಡರೆ, ಅದರ ಉದ್ದವನ್ನು ಅಳೆದು, ಹಿರಿಯರು ತೋರಿಸಿದ ಎರಡು ತುದಿಗಳೊಡನೆ ಹೋಲಿಸಿ ನೋಡಿರಿ.